ಅಜ್ಜಿಯ ಅಡುಗೆಮನೆ: ಹತ್ತಿಂಚು ಉದ್ದ, ಎಂಟಿಂಚು ಅಗಲ

ಪುಟ್ಟ ಮಾದರಿ ಮನೆ ಕಟ್ಟುವ ಹವ್ಯಾಸವನ್ನು ಎಲ್ಲರ ಹಾಗೆ ನಾನೂ ಶುರು ಮಾಡಿದ್ದು ಕಿಟ್‌ನಿಂದಲೇ. ಆನ್‌ಲೈನಲ್ಲಿ ಒಂದು ಪುಟ್ಟ ಮನೆ ತರಿಸಿದೆ. ಡಬ್ಬಿ ತೆಗೆದರೆ ಕತ್ತರಿಸಿಟ್ಟ ಮರದ ಹಲಗೆ, ಮಣಿ, ತಂತಿ, ಬಟ್ಟೆ ಚೂರು, ಚಿತ್ರ ಹಾಕಿದ ಒಂದು ಪುಸ್ತಕ. ಎರಡು ವಾರ ರಾತ್ರಿ ಊಟ ಆದ ಮೇಲೆ ಕೂತು ಅಂಟಿಸಿದೆ. ವಿದೇಶದ ಯಾವುದೋ ಊರಿನ ಕಾಫಿ ಅಂಗಡಿ ತಯಾರಾಯಿತು. ಚೆಂದವೂ ಇತ್ತು. ಅಮ್ಮ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿ, "ಯಾರ ಮನೆನೇ ಇದು?" ಅಂತ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಹಾಗಂತ ಕಿಟ್ ದಂಡವಾಗಲಿಲ್ಲ. ಕೈ ಪಳಗಿತು. ಆದರೆ ಅದರ ಎರಡು ಕುರ್ಚಿಗಳನ್ನು ಆಮೇಲೆ ನನ್ನದೇ ಕೋಣೆಗೆ ಇಟ್ಟಾಗ ಬಾಲವಾಡಿ ಕುರ್ಚಿಯ ಹಾಗೆ ಕಂಡವು. ಅಳತೆ ಅನ್ನೋದು ತಲೆಗೆ ಹತ್ತಿದ್ದು ಆವಾಗ. ಕಿಟ್ 1:24ರದ್ದು, ಅಂದರೆ ನಿಜವಾದ ಒಂದು ಅಡಿಗೆ ಅರ್ಧ ಇಂಚು. ನಾನು ಕಟ್ಟಿದ್ದು 1:12ರಲ್ಲಿ, ಒಂದು ಅಡಿಗೆ ಒಂದು ಇಂಚು. ಎರಡನ್ನೂ ಬೆರೆಸಿದರೆ ಕಣ್ಣು ತಕ್ಷಣ ಹಿಡಿದುಬಿಡುತ್ತದೆ.

ಹೊಸದಾಗಿ ಶುರು ಮಾಡುವವರಿಗೆ ನಾನು 1:12 ಅನ್ನೇ ಹೇಳುತ್ತೇನೆ. ನಮ್ಮೂರಲ್ಲಿ ಬಡಗಿ, ಮೇಸ್ತ್ರಿ, ಬ್ರೋಕರ್ ಎಲ್ಲರೂ ಇವತ್ತಿಗೂ ಮಾತಾಡುವುದು ಅಡಿಯಲ್ಲೇ ಅಲ್ವಾ? ಏಳಡಿ ಬಾಗಿಲು ಅಂದರೆ ಏಳಿಂಚು. ಲೆಕ್ಕವೇ ಬೇಡ. ಇಂಗ್ಲೆಂಡಿನ ರಾಣಿ ಮೇರಿಗೆ 1924ರಲ್ಲಿ ಮುಗಿಸಿಕೊಟ್ಟ ಹೆಸರುವಾಸಿ ಗೊಂಬೆಮನೆ ಕೂಡ ಇದೇ ಅಳತೆಯದು. ಅದರ ನಕ್ಷೆ ಹಾಕಿದವರು ಲುಟ್ಯೆನ್ಸ್, ದೆಹಲಿಯ ರಾಷ್ಟ್ರಪತಿ ಭವನ ಕಟ್ಟಿದವರು. ಆ ಗೊಂಬೆಮನೆಯ ನಲ್ಲಿಯಲ್ಲಿ ನೀರು ಬರುವ ಹಾಗೆ, ದೀಪ ಉರಿಯುವ ಹಾಗೆ ಮಾಡಿದ್ದರು. ಈಗಲೂ ವಿಂಡ್ಸರ್ ಅರಮನೆಯಲ್ಲಿದೆ. ಒಂದು ಎಚ್ಚರಿಕೆ: ಇಡೀ ಮನೆಗೆ ಕೈ ಹಾಕಬೇಡಿ. ಮೂವತ್ತು-ನಲವತ್ತರ ಸೈಟು ಈ ಅಳತೆಯಲ್ಲೂ ಮೂವತ್ತು ಇಂಚಿಗೆ ನಲವತ್ತು ಇಂಚು. ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಅದನ್ನು ಇಡುವುದೆಲ್ಲಿ?

ಹಾಗಾಗಿ ನಾನು ಒಂದೇ ಕೋಣೆ ಆರಿಸಿಕೊಂಡೆ. ಚಾಮರಾಜಪೇಟೆಯ ವಠಾರದಲ್ಲಿದ್ದ ಅಜ್ಜಿಯ ಅಡುಗೆಮನೆ. ಆ ವಠಾರ ಈಗಿಲ್ಲ, ಅಲ್ಲಿ ನಾಲ್ಕು ಮಹಡಿ ಎದ್ದಿದೆ. ಫೋಟೋ ಇದ್ದದ್ದು ಒಂದೇ, ಅದರಲ್ಲೂ ಮುಂದೆ ನಾವು ಮಕ್ಕಳು, ಹಿಂದೆ ಅರ್ಧ ಒಲೆ. ಉಳಿದದ್ದೆಲ್ಲ ಅಮ್ಮನ ನೆನಪು. ಹತ್ತಡಿ ಉದ್ದ, ಎಂಟಡಿ ಅಗಲ ಅಂತ ಅವಳು ಹೇಳಿದ್ದು ಟೇಪ್ ಹಿಡಿದಲ್ಲ, ಎಷ್ಟು ಜನ ಸಾಲಾಗಿ ಊಟಕ್ಕೆ ಕೂರುತ್ತಿದ್ದರು ಅನ್ನೋ ಲೆಕ್ಕದಿಂದ.

ಸಾಮಾನು ಜಾಸ್ತಿ ಬೇಡ. ಕಟರ್, ಸ್ಟೀಲ್ ಸ್ಕೇಲ್, ಕತ್ತರಿಸಲು ಹಾಸುವ ಹಸಿರು ಮ್ಯಾಟ್, ಫೆವಿಕಾಲ್, ಫೆವಿಕ್ವಿಕ್, ಎಂ-ಸೀಲ್, ಗಾಳಿಗೆ ಒಣಗುವ ಕ್ಲೇ, 220 ಮತ್ತು 400 ನಂಬರಿನ ಸ್ಯಾಂಡ್ ಪೇಪರ್. ಕಾಗದ, ಬೋರ್ಡು, ಬಣ್ಣಕ್ಕೆ ಅವೆನ್ಯೂ ರಸ್ತೆ ಸುತ್ತಿದರೆ ಸಾಕು. ಗೋಡೆಗೆ ಐದು ಮಿಲಿಮೀಟರ್ ಸನ್‌ಬೋರ್ಡ್ ತೆಗೆದುಕೊಂಡೆ, ಫಲಕ ಬರೆಯುವವರು ಬಳಸುತ್ತಾರಲ್ಲ, ಅದೇ. ಮೊದಲು ರಟ್ಟಿನಲ್ಲಿ ಮಾಡಿದ್ದೆ. ಜುಲೈ ಮಳೆ. ಫೆವಿಕಾಲ್ ಒಣಗುವಷ್ಟರಲ್ಲಿ ಗೋಡೆ ಹಪ್ಪಳದ ಹಾಗೆ ಸೊಟ್ಟಗಾಯಿತು. ಒಂದೇ ಪಕ್ಕಕ್ಕೆ ಕಾಗದ ಅಂಟಿಸಿದರೆ ಹೀಗಾಗುತ್ತದೆ. ಎರಡೂ ಪಕ್ಕಕ್ಕೆ ಅಂಟಿಸಿ, ಮೇಲೆ ದಪ್ಪ ಪುಸ್ತಕ ಹೇರಿ ರಾತ್ರಿಯಿಡೀ ಬಿಡಬೇಕು. ಇನ್ನೊಂದು ಸಲ ಥರ್ಮಾಕೋಲ್ ಮೇಲೆ ಸ್ಪ್ರೇ ಪೇಂಟ್ ಹೊಡೆದೆ. ಕಣ್ಣೆದುರೇ ಬೆಲ್ಲದ ಹಾಗೆ ಕರಗಿಹೋಯಿತು. ಆ ಪೇಂಟಿನಲ್ಲಿರುವ ದ್ರಾವಕ ಥರ್ಮಾಕೋಲನ್ನು ತಿಂದುಹಾಕುತ್ತದಂತೆ. ಅದಕ್ಕೆ ನೀರಿನ ಬಣ್ಣವೇ ಸರಿ.

ನನಗೆ ತುಂಬ ಖುಷಿ ಕೊಟ್ಟಿದ್ದು ನೆಲ. ಹಳೇ ಬೆಂಗಳೂರಿನ ರೆಡ್ ಆಕ್ಸೈಡ್ ನೆಲ. ಅಕ್ರಿಲಿಕ್ ಕೆಂಪಿನಲ್ಲಿ ಮೂರು ಸಲ ಬಳಿದೆ, ಮೂರು ಸಲವೂ ಪ್ಲಾಸ್ಟಿಕ್ ಬಕೆಟ್ ಬಣ್ಣವೇ ಬಂತು. ಕೊನೆಗೆ ಹಾರ್ಡ್‌ವೇರ್ ಅಂಗಡಿಗೆ ಹೋಗಿ ನಿಜವಾದ ರೆಡ್ ಆಕ್ಸೈಡ್ ಪುಡಿ ಕಾಲು ಕೆಜಿ ಕೇಳಿದೆ. "ಎಷ್ಟು ಚದರ ಅಡಿ ಮೇಡಂ?" ಅಂದರು. "ಮುಕ್ಕಾಲು ಅಡಿಯೂ ಇಲ್ಲ" ಅಂದೆ. ಅವರು ನನ್ನ ಮುಖ ನೋಡಿದರು. ಆ ಪುಡಿಯನ್ನು ಫೆವಿಕಾಲ್ ಮತ್ತು ನೀರಿನಲ್ಲಿ ದೋಸೆ ಹಿಟ್ಟಿನ ಹದಕ್ಕೆ ಕಲಸಿ ತೆಳ್ಳಗೆ ಬಳಿದೆ. ಒಣಗಿದ ಮೇಲೆ 400ರ ಕಾಗದದಲ್ಲಿ ಹಗುರಾಗಿ ಉಜ್ಜಿ ಮತ್ತೆ ಬಳಿದೆ. ಹೀಗೆ ನಾಲ್ಕು ಸಲ. ಸುತ್ತಲೂ ಅರ್ಧ ಇಂಚಿನ ಕಪ್ಪು ಅಂಚು. ಆಮೇಲೆ ಹತ್ತಿ ಬಟ್ಟೆಗೆ ಎರಡೇ ಹನಿ ಕೊಬ್ಬರಿ ಎಣ್ಣೆ ಹಾಕಿ ಒರೆಸಿದೆ, ಅಜ್ಜಿ ದೀಪಾವಳಿಗೆ ಒರೆಸುತ್ತಿದ್ದಂತೆ. ಹೊಳಪು ಬಂತು ನೋಡಿ! ಬೆರಳು ಎರಡು ದಿನ ಕೆಂಪಗೇ ಇತ್ತು.

ಒರಳುಕಲ್ಲು ಬೂದು ಬಣ್ಣದ ಕ್ಲೇಯಿಂದ. ಕ್ಲೇಗೆ ಚಿಟಿಕೆ ಕಾಳುಮೆಣಸಿನ ಪುಡಿ ಬೆರೆಸಿದರೆ ಕಲ್ಲಿನ ಚುಕ್ಕಿ ತಾನಾಗಿ ಬರುತ್ತದೆ. ಗುಳಿ ಮಾಡಲು ಗೋಲಿ ಒತ್ತಿದೆ. ಅಗಲ ಒಂದೂವರೆ ಇಂಚು. ಒಲೆಯ ಮೇಲಿನ ಗೋಡೆಗೆ ಮಸಿ ಬೇಕಿತ್ತು. ಬಣ್ಣ ಹಾಕಲಿಲ್ಲ, ದೀಪದ ಮೇಲೆ ತಟ್ಟೆ ಹಿಡಿದು ಕಾಡಿಗೆ ತೆಗೆದು ಬೆರಳಲ್ಲಿ ಸವರಿದೆ. ತಟ್ಟೆಗಳಿಗೆ ತಂಪು ಪಾನೀಯದ ಕ್ಯಾನ್ ಕತ್ತರಿಸಿದೆ. ಅದರ ಅಂಚು ಬ್ಲೇಡಿನಷ್ಟು ಚೂಪು, ಮಕ್ಕಳ ಕೈಗೆ ಕೊಡಬೇಡಿ. ಟಿಚ್ ಬಟನ್ನಿನ ಅರ್ಧ ಭಾಗ ಬಟ್ಟಲಾಯಿತು.

ಅಡುಗೆಮನೆ ಡಬ್ಬಿಗಳಲ್ಲೇ ಅರ್ಧ ಸಾಮಾನು ಇದೆ ಅನ್ನೋದು ಆಮೇಲೆ ಗೊತ್ತಾಯಿತು. ಏನು ಕಂಡರೂ ಹನ್ನೆರಡರಿಂದ ಗುಣಿಸಿ ನೋಡುವ ಚಾಳಿ ಬೆಳೆಯಿತು. ಗಸಗಸೆ ಹನ್ನೆರಡು ಪಟ್ಟಾದರೆ ಕಡಲೆಕಾಯಿ ಬೀಜದಷ್ಟಾಗುತ್ತದೆ. ಚಹಾ ಡಿಕಾಕ್ಷನ್ನಿನಲ್ಲಿ ನೆನೆಸಿ ಒಣಗಿಸಿದೆ, ಮೊರದ ತುಂಬ ಹರಡಿದೆ. ಮನೆಯಲ್ಲಿ ನಮ್ಮವರು ಮಾತ್ರ ಸಾಸಿವೆ ಡಬ್ಬಿ ಖಾಲಿಯಾದಾಗಲೆಲ್ಲ ನನ್ನ ಮೇಜಿನ ಕಡೆಗೇ ನೋಡುತ್ತಾರೆ.

ಇನ್ನು ಹೆಂಚು. ಮಂಗಳೂರು ಹೆಂಚು ನಿಜದಲ್ಲಿ ಸುಮಾರು 41 ಸೆಂಟಿಮೀಟರ್ ಉದ್ದ, 24 ಅಗಲ. ಅದನ್ನು ಮೊದಲು ಮಾಡಿದ್ದು ಬಾಸೆಲ್ ಮಿಷನ್‌ನವರು, 1865ರಲ್ಲಿ, ಮಂಗಳೂರಿನ ಜೆಪ್ಪುವಿನಲ್ಲಿ. ನನ್ನ ಕಾರ್ಖಾನೆ ಊಟದ ಮೇಜಿನ ಮೇಲೆ. ಒಂದು ಹೆಂಚನ್ನು ದಪ್ಪ ಕಾಗದದಲ್ಲಿ ಮಾಡಿಕೊಂಡೆ, 34 ಮಿಲಿಮೀಟರಿಗೆ 20. ಅದರ ಮೇಲೆ ಪೌಡರ್ ಉದುರಿಸಿ ಎಂ-ಸೀಲ್ ಒತ್ತಿ ಅಚ್ಚು ತೆಗೆದೆ. ಅಚ್ಚಿಗೂ ಪೌಡರ್ ಹಾಕಿ, ಕ್ಲೇ ಒತ್ತಿ, ಬಿಡಿಸಿ, ಹಳೇ ಪೇಪರ್ ಮೇಲೆ ಒಣಗಲು ಇಟ್ಟೆ. ನೂರಿಪ್ಪತ್ತು ಹೆಂಚು, ದಿನಕ್ಕೆ ಹನ್ನೆರಡು. ಒಣಗುವಾಗ ಸ್ವಲ್ಪ ಕುಗ್ಗುತ್ತವೆ, ಮೂಲೆ ಎದ್ದುಕೊಳ್ಳುತ್ತದೆ. ಮೊದಲು ಬೇಜಾರಾಯಿತು. ಜೋಡಿಸಿದ ಮೇಲೆ ನೋಡಿದರೆ ಹಳೇ ಮಾಡು ಇರುವುದೇ ಹಾಗೆ.

ನಡುವೆ ಒಂದು ಗಾಜಿನ ಹೆಂಚು. ಅದಿಲ್ಲದಿದ್ದರೆ ಆ ಅಡುಗೆಮನೆಯಲ್ಲಿ ಹಗಲಲ್ಲೂ ಕತ್ತಲೆ. ದಪ್ಪ ಪಾರದರ್ಶಕ ಹಾಳೆ ಕತ್ತರಿಸಿ ಕೂರಿಸಿದೆ. ಮೊದಲು ಫೆವಿಕ್ವಿಕ್ ಹಾಕಿದ್ದಕ್ಕೆ ಸುತ್ತ ಬೆಳ್ಳಗೆ ಮಂಜು ಹಿಡಿಯಿತು. ಎರಡನೇ ಸಲ ಫೆವಿಕಾಲ್. ಅದರ ಮೇಲೆ, ಮಾಡಿನ ಹೊರಗೆ, ಒಂದು ಎಲ್‌ಇಡಿ ಬಲ್ಬು. ಎಸ್.ಪಿ. ರೋಡಿನಲ್ಲಿ ಬಿಡಿಬಿಡಿಯಾಗಿ ಸಿಗುತ್ತದೆ. ಬಿಳಿಯದು ಬೇಡ, ಹಳದಿ ಛಾಯೆಯ ವಾರ್ಮ್ ವೈಟ್ ಕೇಳಿ, ಇಲ್ಲದಿದ್ದರೆ ಒಳಗೆ ಮೊಬೈಲ್ ಅಂಗಡಿ ಬೆಳಕು ಬರುತ್ತದೆ. ಒಂಬತ್ತು ವೋಲ್ಟ್ ಬ್ಯಾಟರಿಗೆ ನೇರವಾಗಿ ಸಿಕ್ಕಿಸಿ ಮೊದಲ ಬಲ್ಬನ್ನು ನಾನೇ ಸುಟ್ಟೆ. ನಡುವೆ ಕರೆಂಟ್ ಕಡಿಮೆ ಮಾಡುವ 470 ಓಮ್‌ನ ರೆಸಿಸ್ಟರ್ ಹಾಕಬೇಕು.

ದಸರಾ ಗೊಂಬೆ ಕೂರಿಸುವ ಹಿಂದಿನ ಸಂಜೆ ಎಲ್ಲ ಮುಗಿಯಿತು. ಪಟ್ಟದ ಗೊಂಬೆ ಮೇಲೆ, ಚನ್ನಪಟ್ಟಣದ ಆಟಿಕೆಗಳು ನಡುವೆ, ಕೆಳಗಿನ ಮೆಟ್ಟಿಲ ಮೇಲೆ ಅಜ್ಜಿಯ ಅಡುಗೆಮನೆ. ಟ್ಯೂಬ್‌ಲೈಟ್ ಆರಿಸಿ ಸ್ವಿಚ್ ಒತ್ತಿದೆ. ಹೆಂಚಿನಿಂದ ಬೆಳಕು ಇಳಿದು ಕೆಂಪು ನೆಲದ ಮೇಲೆ ಚೌಕವಾಗಿ ಬಿತ್ತು. ಅಮ್ಮ ನೆಲದ ಮೇಲೆ ಕೂತು, ತಲೆ ವಾರೆ ಮಾಡಿ ಒಳಗೆ ನೋಡಿದಳು. ತುಂಬ ಹೊತ್ತು ಮಾತಿಲ್ಲ.

"ಬಿಸಿಲು ಒಲೆ ಹತ್ರ ಬಿದ್ದಿದೆಯಲ್ಲೇ. ಅದು ಸಂಜೆ ಹೊತ್ತಿಗೆ" ಅಂದಳು. "ರುಬ್ಬೋಕೆ ಕೂರ್ತಿದ್ದಾಗ ಒರಳುಕಲ್ಲಿನ ಮೇಲೆ ಇರ್ತಿತ್ತು. ಹನ್ನೊಂದು ಗಂಟೆ."

ಅಂಟು ಒಣಗಿತ್ತು. ಕಟರ್ ಹಾಕಿ ಬಲ್ಬನ್ನು ಎಬ್ಬಿಸಿ, ಅಮ್ಮ "ಇನ್ನೂ, ಇನ್ನೂ ಚೂರು" ಅನ್ನುತ್ತಿದ್ದಂತೆ ಎಡಕ್ಕೆ ಸರಿಸುತ್ತಾ ಹೋದೆ.