ನಿಮ್ಮದೇ ಬಳ್ಳಿ, ನಿಮ್ಮದೇ ಬಾಗಿಲು: ಸಿಎನ್‌ಸಿ ಕೆತ್ತನೆ ಕಲಿಯುವುದು ಹೇಗೆ?

ಮಂಗಳೂರು, ಉಡುಪಿ ಕಡೆ ಹೊಸ ಮನೆಗಳ ದೇವರಕೋಣೆ ಬಾಗಿಲು ನೋಡಿ. ಈ ಮನೆಯಲ್ಲೂ ಅದೇ ನವಿಲು, ಪಕ್ಕದ ಮನೆಯಲ್ಲೂ ಅದೇ ನವಿಲು. ಸಿಎನ್‌ಸಿಗೆ, ಅಂದರೆ ಕಂಪ್ಯೂಟರ್ ಹೇಳಿದಂತೆ ಮರ ಕೊರೆಯುವ ಯಂತ್ರಕ್ಕೆ, ಇಂಟರ್ನೆಟ್ಟಿನಿಂದ ಇಳಿಸಿ ಹಾಕಿದ ಸಿದ್ಧ ಫೈಲುಗಳ ಕೃಪೆ. ಸ್ವಂತ ವಿನ್ಯಾಸ ಕೊರೆಯುವ ಆಸೆಯಿದ್ದರೆ ಉಬ್ಬುಚಿತ್ರಕ್ಕೆ ಕೈಹಾಕುವ ಮೊದಲು ಗೆರೆ ಕೊರೆಯುವುದನ್ನು ಕಲಿಯಿರಿ.

ಮೊದಲು ಚಿತ್ರ. ಮೂಡುಬಿದಿರೆಯ ಸಾವಿರ ಕಂಬದ ಬಸದಿಗೆ ಹೋದರೆ 15ನೇ ಶತಮಾನದ ಕಂಬಗಳ ಮೇಲೆ ಬೇಕಾದಷ್ಟು ಬಳ್ಳಿ, ಹೆಣಿಗೆಗಳಿವೆ. ಒಂದು ಪಟ್ಟಿಯನ್ನು ಪೆನ್ಸಿಲ್‌ನಲ್ಲಿ ಗೀಚಿಕೊಂಡು ಬನ್ನಿ. ಅದರ ಫೋಟೊ ತೆಗೆದು, ಉಚಿತವಾಗಿ ಸಿಗುವ ಇಂಕ್‌ಸ್ಕೇಪ್ ಎಂಬ ಚಿತ್ರ ಬಿಡಿಸುವ ಸಾಫ್ಟ್‌ವೇರ್‌ನಲ್ಲಿ ಅದರ ಮೇಲೆ ಗೆರೆ ಎಳೆಯಿರಿ. ಪ್ರತಿ ಎಲೆಯ ಗೆರೆಯೂ ಹೊರಟಲ್ಲಿಗೇ ಬಂದು ಸೇರಬೇಕು. ಕೂದಲೆಳೆಯಷ್ಟು ಸಂದು ಉಳಿದರೂ, ಚಿತ್ರದಿಂದ ಯಂತ್ರ ಓಡುವ ದಾರಿ ಲೆಕ್ಕ ಹಾಕುವ ಸಾಫ್ಟ್‌ವೇರ್ ಅದನ್ನು ಎಲೆಯೆಂದು ಒಪ್ಪುವುದಿಲ್ಲ.

ಇನ್ನು ಬಿಟ್, ಅಂದರೆ ತಿರುಗುತ್ತ ಮರ ಕೊರೆಯುವ ಮೊನೆ. ಗೆರೆ ಕೆತ್ತನೆಗೆ ಮೊನಚು ತುದಿಯ ವಿ-ಬಿಟ್ ಬೇಕು. ಇದು ಆಳಕ್ಕೆ ಇಳಿದಷ್ಟೂ ಗೆರೆ ಅಗಲವಾಗುತ್ತದೆ. 90 ಡಿಗ್ರಿ ಬಿಟ್ 2 ಮಿ.ಮೀ. ಇಳಿದರೆ 4 ಮಿ.ಮೀ. ಅಗಲದ ಗೆರೆ, ಅದೇ ಅಗಲಕ್ಕೆ 60 ಡಿಗ್ರಿ ಬಿಟ್ ಸುಮಾರು 3.5 ಮಿ.ಮೀ. ಇಳಿಯಬೇಕು. ಆಳ ಹೆಚ್ಚಿದರೆ ನೆರಳು ಚೆನ್ನಾಗಿ ಬೀಳುತ್ತದೆ, ಬಳ್ಳಿ ಎದ್ದು ಕಾಣುತ್ತದೆ. ಹಾಗಾಗಿ ನನ್ನ ಮತ 60ಕ್ಕೇ.

ಅಭ್ಯಾಸಕ್ಕೆ 18 ಮಿ.ಮೀ. ದಪ್ಪದ ಎಂಡಿಎಫ್ (ಮರದ ನಾರನ್ನು ಅಂಟಿನ ಜೊತೆ ಒತ್ತಿ ಮಾಡಿದ ಹಲಗೆ) ತುಂಡು ಸಾಕು. ಅದರ ಹುಡಿ ಶ್ವಾಸಕೋಶಕ್ಕೆ ಕೆಟ್ಟದ್ದು, ಮಾಸ್ಕ್ ಬೇಕೇ ಬೇಕು. ಗ್ಲೌಸ್ ಮಾತ್ರ ಬೇಡ, ಬಿಟ್ಟನ್ನು ತಿರುಗಿಸುವ ಸ್ಪಿಂಡಲ್ ಅದನ್ನು ಬೆರಳ ಸಮೇತ ಎಳೆದುಕೊಳ್ಳುತ್ತದೆ. ಮರಕ್ಕೆ ಬಂದಾಗ ಸಾಗುವಾನಿಯಿಂದ ಶುರು ಮಾಡಿ. ಹಲಸಿನ ಎಳೆ ಅತ್ತಿತ್ತ ತಿರುಚಿರುವುದರಿಂದ ಅಂಚು ಕಿತ್ತು ಬರುವುದುಂಟು. ಕರಾವಳಿಯ ಮಳೆಗಾಲದಲ್ಲಿ ಯಾವ ಮರವಾದರೂ ತೇವ ಕುಡಿದು ಬಾಗುತ್ತದೆ. ಹಲಗೆ ಕೆಲವು ವಾರ ನಿಮ್ಮ ಶೆಡ್ಡಿನಲ್ಲೇ ಒಣಗಲಿ.

ಹಲಗೆಯನ್ನು ಕ್ಲ್ಯಾಂಪ್ ಹಾಕಿ ಬಿಗಿಯಿರಿ. ಶೂನ್ಯ, ಅಂದರೆ ಯಂತ್ರ ಆಳವನ್ನು ಎಲ್ಲಿಂದ ಎಣಿಸಬೇಕೋ ಆ ಮಟ್ಟ, ಹೊಂದಿಸಲು ಹಲಗೆಯ ಮೇಲೊಂದು ಕಾಗದ ಇಟ್ಟು, ಸ್ಪಿಂಡಲ್ ನಿಲ್ಲಿಸಿಯೇ ಬಿಟ್ಟನ್ನು ಇಳಿಸುತ್ತ ಬನ್ನಿ; ಕಾಗದ ಎಳೆದರೆ ಸ್ವಲ್ಪ ತಡೆಯುವಂತಾದಾಗ ನಿಲ್ಲಿಸಿ. ಮೊದಲ ಸಲ ಶೂನ್ಯವನ್ನು ಎರಡು ಇಂಚು ಮೇಲಿಟ್ಟು ಗಾಳಿಯಲ್ಲೇ ಓಡಿಸಿ. ಕ್ಲ್ಯಾಂಪಿಗೆ ಬಿಟ್ ಬಡಿಯುವುದಿದ್ದರೆ ಆಗಲೇ ಗೊತ್ತಾಗುತ್ತದೆ.

ಬಿಟ್ ಮುಂದೆ ಸಾಗುವ ವೇಗಕ್ಕೆ ಲೆಕ್ಕವುಂಟು: ನಿಮಿಷಕ್ಕೆ ಬಿಟ್ ತಿರುಗುವ ಸುತ್ತು, ಬಿಟ್ಟಿನ ಅಲಗುಗಳ ಸಂಖ್ಯೆ, ಒಂದು ಅಲಗು ಒಂದು ಸುತ್ತಿಗೆ ಕೀಳುವ ಮರ, ಈ ಮೂರರ ಗುಣಾಕಾರ. 18,000 ಸುತ್ತು, ಎರಡು ಅಲಗು, 0.1 ಮಿ.ಮೀ. ಎಂದರೆ ನಿಮಿಷಕ್ಕೆ 3,600 ಮಿ.ಮೀ. ಹೊಸಬರು ಇದರ ಅರ್ಧದಿಂದ ಶುರು ಮಾಡಲಿ. ಆದರೆ ತೀರಾ ನಿಧಾನವೂ ಸಲ್ಲ. ಸಣ್ಣ ಸಿಪ್ಪೆಯ ಬದಲು ನುಣ್ಣನೆ ಹುಡಿ ಬಂದು ಸುಟ್ಟ ವಾಸನೆ ಬಂದರೆ ಬಿಟ್ ಮರವನ್ನು ಕತ್ತರಿಸದೆ ಉಜ್ಜುತ್ತಿದೆ ಎಂದರ್ಥ.

ಗೆರೆ ಕೈಗೆ ಬಂದ ಮೇಲೆ ಉಬ್ಬುಚಿತ್ರ. ದಪ್ಪ ಬಿಟ್ಟಿನಲ್ಲಿ ಹೆಚ್ಚಿನ ಮರ ತೆಗೆದು, ಬಳಿಕ ಗುಂಡುತುದಿಯ ಸಣ್ಣ ಬಿಟ್ಟಿನಲ್ಲಿ ನಯಗೊಳಿಸಬೇಕು. ತಾಳ್ಮೆ ಬೇಕಾದದ್ದು ಇಲ್ಲೇ. 300 ಮಿ.ಮೀ. ಚೌಕಕ್ಕೆ 0.3 ಮಿ.ಮೀ. ಅಂತರದಲ್ಲಿ ಸಾವಿರ ಗೆರೆ. ನಿಮಿಷಕ್ಕೆ 3,000 ಮಿ.ಮೀ. ವೇಗದಲ್ಲಿ ಓಡಿದರೂ 100 ನಿಮಿಷ. ತಿರುವಿನಲ್ಲಿ ನಿಧಾನಿಸುವುದು ಬೇರೆ. ನಡುವೆ ಕರೆಂಟ್ ಕೈಕೊಟ್ಟರೆ ಯಂತ್ರಕ್ಕೆ ತಾನೆಲ್ಲಿದ್ದೆ ಎಂಬುದೇ ನೆನಪಿರದು. ಅದಕ್ಕೇ ಶುರುವಿನಲ್ಲೇ ಹೋಮ್ ಮಾಡಿ (ಯಂತ್ರವನ್ನು ಅದರ ನಿಗದಿತ ಮೂಲ ಜಾಗಕ್ಕೆ ಕಳಿಸಿ), ಅಲ್ಲಿಂದ ಶೂನ್ಯದ ಜಾಗದ ಅಂಕಿಗಳನ್ನು ಬರೆದಿಟ್ಟುಕೊಳ್ಳಿ; ಕರೆಂಟ್ ಬಂದಾಗ ಮತ್ತೆ ಹೋಮ್ ಮಾಡಿ ಅದೇ ಜಾಗ ಹುಡುಕಬಹುದು.

ಕೊನೆಗೆ ಎಳೆಯ ದಿಕ್ಕಿನಲ್ಲೇ 220 ನಂಬರಿನ ಮರಳುಕಾಗದ ಹಾಕಿ, ಜಾಸ್ತಿ ಉಜ್ಜಿದರೆ ಎಲೆಯ ನರ ಮಾಯ. ಗುಂಡು ಬಿಟ್ಟಿಗೆ ಚೂಪಾದ ಒಳಮೂಲೆ ತೆಗೆಯಲಾಗದು. ಅಷ್ಟನ್ನು ಊರಿನ ಆಚಾರಿಯವರ ಉಳಿಗೆ ಬಿಡಿ.