ಸಂಸಾರ ಸಮೇತ ಜರ್ಮನಿಗೆ ಬರುವ ಕನ್ನಡಿಗರಿಗೆ: ಹೊರಡುವ ಮುನ್ನ ಮುಗಿಸಬೇಕಾದ ಕೆಲಸಗಳು ಮತ್ತು ಹಣದ ಲೆಕ್ಕ

ಬೆಂಗಳೂರಿನಿಂದ ಮ್ಯೂನಿಕ್, ಸ್ಟುಟ್‌ಗಾರ್ಟ್, ಫ್ರಾಂಕ್‌ಫರ್ಟ್ ಕಡೆಗೆ ಕೆಲಸಕ್ಕೆ ಬರುವವರಿಗೆ ವೀಸಾ ಮತ್ತು ಪ್ರಯಾಣದ ವಿಷಯದಲ್ಲಿ ಕಂಪನಿಯ ನೆರವು ಸಾಮಾನ್ಯವಾಗಿ ಸಿಗುತ್ತದೆ. ಊರಿನ ಆಸ್ತಿ, ಬ್ಯಾಂಕ್ ಖಾತೆ, ಮಕ್ಕಳ ಶಾಲೆ, ಹೆತ್ತವರ ಜವಾಬ್ದಾರಿ ಇವುಗಳ ಬಗ್ಗೆ ಮಾತ್ರ ಯಾರೂ ಕೂರಿಸಿಕೊಂಡು ಹೇಳುವುದಿಲ್ಲ. ಮ್ಯೂನಿಕ್ ಇರುವ ಬವೇರಿಯಾ ರಾಜ್ಯದಲ್ಲಿ ಬಹಳ ಕಾಲದಿಂದ ನೆಲೆಸಿ, ಹೊಸದಾಗಿ ಬಂದ ಕುಟುಂಬಗಳ ಜೊತೆ ಇಲ್ಲಿನ ಕಚೇರಿಗಳಿಗೆ ಹೋಗಿಬಂದಿರುವ ನನಗೆ ಸ್ಪಷ್ಟವಾಗಿ ಕಂಡದ್ದು ಇಷ್ಟು: ಇಲ್ಲಿ ಎದುರಾಗುವ ತೊಡಕುಗಳಲ್ಲಿ ಹೆಚ್ಚಿನವು ಊರಿನಲ್ಲಿದ್ದಾಗಲೇ ಕೆಲವು ವಾರಗಳಲ್ಲಿ ಮುಗಿಸಬಹುದಾಗಿದ್ದ ಕೆಲಸಗಳಿಂದ ಹುಟ್ಟಿದವು. ಅದೇ ಕೆಲಸವನ್ನು ಇಲ್ಲಿಂದ ಮಾಡಿಸಲು ತಿಂಗಳುಗಳು ಹಿಡಿಯುತ್ತವೆ. ಆದ್ದರಿಂದ ಈ ಬರಹದ ಹೆಚ್ಚಿನ ಭಾಗ ಹೊರಡುವ ಮುಂಚಿನ ತಯಾರಿಯ ಬಗ್ಗೆಯೇ ಇದೆ.

ಮೊದಲು ಕಾಗದಪತ್ರಗಳು. ಕರ್ನಾಟಕದಲ್ಲಿ ಓದಿ ಬೆಳೆದ ನಮಗೆ ಹುಟ್ಟಿದ ದಿನಾಂಕಕ್ಕೆ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯೇ ಸಾಕು ಎಂಬ ರೂಢಿಯಿದೆ. ಜರ್ಮನಿಯ ಜನನ ಮತ್ತು ವಿವಾಹ ನೋಂದಣಿ ಕಚೇರಿಯಾದ ಸ್ಟಾಂಡೆಸ್‌ಆಮ್ಟ್ ಅದನ್ನು ಒಪ್ಪುವುದಿಲ್ಲ. ಇಲ್ಲಿ ಮಗು ಹುಟ್ಟಿದರೆ ಆ ಮಗುವಿನ ಜನನ ನೋಂದಣಿಗೆ ತಂದೆತಾಯಿಯರಿಬ್ಬರ ಜನನ ಪ್ರಮಾಣಪತ್ರವನ್ನೂ ಮದುವೆಯ ಪ್ರಮಾಣಪತ್ರವನ್ನೂ ಕೇಳುತ್ತಾರೆ. ಹಳ್ಳಿಯ ಮನೆಯಲ್ಲಿ ಹುಟ್ಟಿದವರಿಗೆ ಎಷ್ಟೋ ಸಲ ಜನನ ನೋಂದಣಿಯೇ ಆಗಿರುವುದಿಲ್ಲ. ಆಸ್ಪತ್ರೆಯಲ್ಲಿ ಹುಟ್ಟಿದವರ ದಾಖಲೆಯಲ್ಲಿ ಹೆಸರಿನ ಜಾಗ ಖಾಲಿಯಿದ್ದು ತಂದೆತಾಯಿಯ ಹೆಸರು ಮಾತ್ರ ಇರುತ್ತದೆ. ವರ್ಷ ಕಳೆದ ಮೇಲೆ ಜನನ ನೋಂದಣಿ ಮಾಡಿಸಲು 1969ರ ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ ಮ್ಯಾಜಿಸ್ಟ್ರೇಟರ ಆದೇಶ ಬೇಕಾಗುತ್ತದೆ. ಇದಕ್ಕೆ ಊರಿನಲ್ಲಿದ್ದು ಓಡಾಡುವುದೇ ಸುಲಭ. ಮಕ್ಕಳ ಬಗ್ಗೆ ಈಗ ಯೋಚನೆಯಿಲ್ಲ ಎನ್ನುವ ಹೊಸ ದಂಪತಿಗಳೂ ಈ ಕೆಲಸವನ್ನು ಮುಗಿಸಿಕೊಂಡೇ ಬರಬೇಕೆಂದು ಒತ್ತಿ ಹೇಳುತ್ತೇನೆ.

ಎರಡನೆಯದು ಹೆಸರು. ನಮ್ಮಲ್ಲಿ ಇನಿಷಿಯಲ್ ಮುಂದೆ ಬರುತ್ತದೆ ಅಥವಾ ಹಿಂದೆ ಬರುತ್ತದೆ, ಅದು ತಂದೆಯ ಹೆಸರಿನದ್ದೋ ಊರಿನದ್ದೋ ಆಗಿರುತ್ತದೆ, ಮನೆತನದ ಹೆಸರು ಎಂಬುದು ಎಲ್ಲರಿಗೂ ಇರುವುದಿಲ್ಲ. ಪಾಸ್‌ಪೋರ್ಟಿನಲ್ಲಿ ಉಪನಾಮದ ಜಾಗ ಖಾಲಿಯಿದ್ದರೆ ಇಲ್ಲಿನ ಒಂದೊಂದು ಕಚೇರಿ ಒಂದೊಂದು ರೀತಿಯಲ್ಲಿ ಬರೆದುಕೊಳ್ಳುತ್ತದೆ. ಬ್ಯಾಂಕಿನಲ್ಲಿ ಒಂದು ಹೆಸರು, ಆರೋಗ್ಯ ವಿಮೆಯಲ್ಲಿ ಇನ್ನೊಂದು ಹೆಸರು ಆಗಿಬಿಡುತ್ತದೆ. ಇನಿಷಿಯಲ್ ಬಿಡಿಸಿ ಬರೆದು, ಉಪನಾಮದ ಜಾಗ ತುಂಬಿಸಿ, ಪಾಸ್‌ಪೋರ್ಟ್, ಜನನ ಪತ್ರ, ಮದುವೆ ಪತ್ರ ಮೂರರಲ್ಲೂ ಅಕ್ಷರ ತಪ್ಪದೆ ಒಂದೇ ಹೆಸರಿರುವಂತೆ ಮಾಡಿಸಿಕೊಳ್ಳಿ. ಮದುವೆಯನ್ನು ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸದೆ ಬಿಟ್ಟವರು ಲಗ್ನಪತ್ರಿಕೆ, ಫೋಟೊ, ಸಾಕ್ಷಿಗಳ ಸಮೇತ ಆ ಕೆಲಸವನ್ನೂ ಮುಗಿಸಬೇಕು. ಪ್ರಮಾಣಪತ್ರ ಕನ್ನಡದಲ್ಲಿ ಮಾತ್ರ ಇದ್ದರೆ ಇಂಗ್ಲಿಷ್ ಸಹ ಇರುವ ಪ್ರತಿಯನ್ನು ಕೇಳಿ ಪಡೆಯಿರಿ, ಏಕೆಂದರೆ ಕನ್ನಡದಿಂದ ಜರ್ಮನ್‌ಗೆ ಅನುವಾದಿಸುವ ಪ್ರಮಾಣಿತ ಅನುವಾದಕರು ಸಿಗುವುದು ಕಷ್ಟ.

ಇಲ್ಲಿ ಒಂದು ವಿಷಯವನ್ನು ತಿಳಿದಿರಬೇಕು. ಒಂದು ದೇಶದ ದಾಖಲೆಯನ್ನು ಇನ್ನೊಂದು ದೇಶ ಒಪ್ಪಲೆಂದು ಹಾಕುವ ಮುದ್ರೆಯೇ ಅಪೊಸ್ಟಿಲ್. ಭಾರತ 2005ರಲ್ಲಿ ಅಪೊಸ್ಟಿಲ್ ಒಪ್ಪಂದಕ್ಕೆ ಸೇರಿದಾಗ ಜರ್ಮನಿ ಆಕ್ಷೇಪ ಸಲ್ಲಿಸಿತು. ಹಾಗಾಗಿ ಎರಡು ದೇಶಗಳ ನಡುವೆ ಅಪೊಸ್ಟಿಲ್ ಮುದ್ರೆಗೆ ಬೇರೆ ದೇಶಗಳಲ್ಲಿರುವ ಬೆಲೆ ಇಲ್ಲ. ಏಜೆಂಟರು ದುಡ್ಡು ಪಡೆದು ಮುದ್ರೆ ಹಾಕಿಸಿಕೊಟ್ಟ ಪತ್ರವನ್ನೇ ಸ್ಟಾಂಡೆಸ್‌ಆಮ್ಟ್ ಪಕ್ಕಕ್ಕಿಟ್ಟು, ಭಾರತದಲ್ಲಿರುವ ಜರ್ಮನ್ ರಾಯಭಾರ ಕಚೇರಿಗಳ ಮೂಲಕ ಪ್ರತ್ಯೇಕ ಪರಿಶೀಲನೆಗೆ ಕಳುಹಿಸಬಹುದು. ಆ ಪರಿಶೀಲನೆಯಲ್ಲಿ ಊರಿನ ಮೂಲ ದಾಖಲೆಯನ್ನೇ ಹೋಗಿ ನೋಡುತ್ತಾರೆ, ಖರ್ಚು ನಮ್ಮದೇ. ಮುದ್ರೆಗಿಂತ ಮೂಲ ದಾಖಲೆಯೇ ಸರಿಯಾಗಿರುವುದು ಮುಖ್ಯ.

ಇನ್ನು ಹೊರಡುವ ದಿನಾಂಕ. ಭಾರತದ ತೆರಿಗೆ ವರ್ಷ ಏಪ್ರಿಲ್‌ನಿಂದ ಮಾರ್ಚ್‌ವರೆಗೆ, ಜರ್ಮನಿಯದು ಜನವರಿಯಿಂದ ಡಿಸೆಂಬರ್‌ವರೆಗೆ. ಈ ವ್ಯತ್ಯಾಸವನ್ನು ಗಮನದಲ್ಲಿಟ್ಟು ದಿನ ಗೊತ್ತುಮಾಡಿದ ಕುಟುಂಬಕ್ಕೆ ಸಾಕಷ್ಟು ಹಣ ಉಳಿಯುತ್ತದೆ. ಕೆಲಸಕ್ಕಾಗಿ ದೇಶ ಬಿಡುವ ಭಾರತೀಯ ಪ್ರಜೆ ಆ ಹಣಕಾಸು ವರ್ಷದಲ್ಲಿ 182 ದಿನಕ್ಕಿಂತ ಕಡಿಮೆ ಭಾರತದಲ್ಲಿದ್ದರೆ ತೆರಿಗೆಯ ದೃಷ್ಟಿಯಿಂದ ಅನಿವಾಸಿಯಾಗುತ್ತಾನೆ, ಜರ್ಮನಿಯಲ್ಲಿ ದುಡಿದ ಸಂಬಳವನ್ನು ಭಾರತದಲ್ಲಿ ಲೆಕ್ಕಕ್ಕೆ ತರಬೇಕಾಗಿಲ್ಲ. ಏಪ್ರಿಲ್ 1ರಿಂದ ಎಣಿಸಿದರೆ ಸೆಪ್ಟೆಂಬರ್ 28ಕ್ಕೆ 181 ದಿನಗಳಾಗುತ್ತವೆ. ಆದರೆ ಮಧ್ಯೆ ದೀಪಾವಳಿಗೋ ಮನೆಯ ಮದುವೆಗೋ ಊರಿಗೆ ಬಂದರೆ ಆ ದಿನಗಳೂ ಸೇರುತ್ತವೆ ಎಂಬುದನ್ನು ಮರೆಯಬಾರದು; ಸೆಪ್ಟೆಂಬರ್ ಕೊನೆಯಲ್ಲಿ ಹೊರಟವರು ಮಾರ್ಚ್ ಮುಗಿಯುವವರೆಗೆ ಊರಿಗೆ ಬರುವ ಮುನ್ನ ಲೆಕ್ಕ ನೋಡಬೇಕು.

ಜರ್ಮನಿಯ ಕಡೆಯ ಲೆಕ್ಕ ಡಿಸೆಂಬರ್‌ಗೆ ಸಂಬಂಧಿಸಿದ್ದು. ಇಲ್ಲಿ ಗಂಡಹೆಂಡಿರ ಆದಾಯವನ್ನು ಒಟ್ಟುಗೂಡಿಸಿ, ಎರಡು ಪಾಲು ಮಾಡಿ ತೆರಿಗೆ ಹಾಕುವ ಪದ್ಧತಿ ಇದೆ, ಒಬ್ಬರೇ ದುಡಿಯುವ ಮನೆಗೆ ಇದರಿಂದ ದೊಡ್ಡ ರಿಯಾಯಿತಿ ಸಿಗುತ್ತದೆ. ಇಬ್ಬರೂ ಆ ವರ್ಷದಲ್ಲಿ ಒಂದು ದಿನವಾದರೂ ಜರ್ಮನಿಯ ನಿವಾಸಿಗಳಾಗಿ ಒಟ್ಟಿಗಿದ್ದರೆ ಇಡೀ ವರ್ಷಕ್ಕೆ ಈ ರಿಯಾಯಿತಿಯನ್ನು ಕೇಳಬಹುದು. ಗಂಡ ಸೆಪ್ಟೆಂಬರ್‌ನಲ್ಲಿ ಬಂದು, ಹೆಂಡತಿ ಡಿಸೆಂಬರ್ ಮಧ್ಯದಲ್ಲಿ ಬಂದು ಮನೆಯ ವಿಳಾಸಕ್ಕೆ ನೋಂದಾಯಿಸಿಕೊಂಡರೆ ಆ ವರ್ಷಕ್ಕೇ ಅನ್ವಯಿಸುತ್ತದೆ. ಜನವರಿಯಲ್ಲಿ ಬಂದರೆ ಹಿಂದಿನ ವರ್ಷದ್ದು ಕೈತಪ್ಪುತ್ತದೆ. ನಿಜವಾಗಿ ವಾಸ ಬದಲಾಗಬೇಕು, ಪ್ರವಾಸಕ್ಕೆ ಬಂದುಹೋದರೆ ಆಗದು. ಆ ವರ್ಷ ಭಾರತದಲ್ಲಿ ಪಡೆದ ಸಂಬಳಕ್ಕೆ ಇಲ್ಲಿ ನೇರವಾಗಿ ತೆರಿಗೆ ಬೀಳುವುದಿಲ್ಲವಾದರೂ ತೆರಿಗೆಯ ದರ ನಿರ್ಧರಿಸುವಾಗ ಅದನ್ನು ಪರಿಗಣಿಸುತ್ತಾರೆ. ಆದ್ದರಿಂದ ಇಬ್ಬರೂ ಫಾರಂ 16 ಮತ್ತು ಸಂಬಳದ ಚೀಟಿಗಳನ್ನು ಜೋಪಾನವಾಗಿ ತರಬೇಕು.

ಮಕ್ಕಳ ಪರೀಕ್ಷೆ ಮುಗಿಯಲಿ, ಏಪ್ರಿಲ್‌ನಲ್ಲಿ ಕರೆಸಿಕೊಳ್ಳೋಣ ಎಂದು ಅನೇಕರು ಯೋಚಿಸುತ್ತಾರೆ. ಪ್ರಾಥಮಿಕ ಶಾಲೆಯ ಮಕ್ಕಳ ಮಟ್ಟಿಗೆ ನನಗೆ ಇದು ಅಗತ್ಯವೆನಿಸುವುದಿಲ್ಲ. ಇಲ್ಲಿನ ಸರ್ಕಾರಿ ಶಾಲೆಗಳಲ್ಲಿ ಶುಲ್ಕವಿಲ್ಲ, ವರ್ಷದ ಮಧ್ಯದಲ್ಲೂ ಸೇರಿಸಿಕೊಳ್ಳುತ್ತಾರೆ, ಮಗುವಿಗೆ ಭಾಷೆ ಹಿಡಿಯಲು ಆ ತಿಂಗಳುಗಳೇ ದೊಡ್ಡ ಸಹಾಯ. ಬವೇರಿಯಾಕ್ಕೆ ಬರುವವರು ಒಂದನ್ನು ಗಮನಿಸಬೇಕು: ಇಲ್ಲಿ 4ನೇ ತರಗತಿಯ ಮೇ ತಿಂಗಳಲ್ಲಿ ಕೊಡುವ ಅಂಕಪಟ್ಟಿಯ ಮೇಲೆ ಮಗು ಮುಂದೆ ಯಾವ ಬಗೆಯ ಶಾಲೆಗೆ ಹೋಗಬಹುದು ಎಂಬುದು ನಿಂತಿದೆ. ಜರ್ಮನ್ ಬಾರದ ಮಗುವನ್ನು ನೇರವಾಗಿ 4ನೇ ತರಗತಿಗೆ ತಂದು ಕೂರಿಸುವುದು ಆ ಮಗುವಿಗೆ ಬಹಳ ಭಾರವಾಗುತ್ತದೆ. ಸಾಧ್ಯವಾದರೆ 2ನೇ ತರಗತಿಯ ಹೊತ್ತಿಗೆ ಬನ್ನಿ. ಚಿಕ್ಕ ಮಕ್ಕಳಿಗೆ ಒಂದು ವರ್ಷ ತುಂಬಿದ ಮೇಲೆ ಶಿಶುವಿಹಾರದ, ಅಂದರೆ ಕಿಟಾದ, ಸ್ಥಾನ ಕಾನೂನಿನ ಹಕ್ಕು. ಆದರೂ ದೊಡ್ಡ ಊರುಗಳಲ್ಲಿ ಸ್ಥಾನ ಸಿಗುವುದು ಕಷ್ಟ, ವಿಳಾಸ ಗೊತ್ತಾದ ದಿನವೇ ಅರ್ಜಿ ಹಾಕಿ.

ಊರಿನ ಹಣ ಮತ್ತು ಆಸ್ತಿಯ ವಿಷಯಕ್ಕೆ ಬರೋಣ. ತೆರಿಗೆಗೆ ದಿನಗಳ ಎಣಿಕೆ ಮುಖ್ಯವಾದರೆ, ವಿದೇಶಿ ವಿನಿಮಯದ ಫೆಮಾ ಕಾನೂನಿಗೆ ನೀವು ಕೆಲಸಕ್ಕಾಗಿ ಹೊರಟದ್ದೇ ಮುಖ್ಯ. ಹೊರಟ ಮೇಲೆ ಸಾಮಾನ್ಯ ಉಳಿತಾಯ ಖಾತೆಯನ್ನು ಹಾಗೆಯೇ ನಡೆಸುವಂತಿಲ್ಲ, ಅದನ್ನು ಅನಿವಾಸಿಗಳ ಎನ್‌ಆರ್‌ಒ ಖಾತೆಯಾಗಿ ಬದಲಾಯಿಸಬೇಕು. ಊರಿನ ಬಾಡಿಗೆ, ಬಡ್ಡಿ, ಪಿಂಚಣಿ ಅದಕ್ಕೆ ಬರುತ್ತವೆ. ಯೂರೋದಲ್ಲಿ ದುಡಿದು ಕಳುಹಿಸುವ ಹಣಕ್ಕೆ ಎನ್‌ಆರ್‌ಇ ಖಾತೆ ತೆರೆಯಿರಿ. ಅಲ್ಲಿಂದ ಹಣವನ್ನು ಹಿಂದಕ್ಕೆ ತರಲು ಅಡ್ಡಿಯಿಲ್ಲ, ಎನ್‌ಆರ್‌ಒದಿಂದ ತರಲು ವರ್ಷಕ್ಕೆ 10 ಲಕ್ಷ ಡಾಲರ್ ಮಿತಿಯೂ ತೆರಿಗೆ ಪತ್ರಗಳೂ ಇವೆ. ಈಗಾಗಲೇ ಇರುವ ಪಿಪಿಎಫ್ ಖಾತೆಯನ್ನು ಅವಧಿ ಮುಗಿಯುವವರೆಗೆ ಮುಂದುವರಿಸಬಹುದು, ಹೊಸದನ್ನು ತೆರೆಯುವಂತಿಲ್ಲ. ಬ್ಯಾಂಕಿನ ಒಟಿಪಿ ಬರುವ ಭಾರತದ ಮೊಬೈಲ್ ಸಂಖ್ಯೆಯನ್ನು ಜೀವಂತವಾಗಿಡುವುದು ಸಣ್ಣ ವಿಷಯದಂತೆ ಕಂಡರೂ ಅದು ನಿಂತುಹೋದರೆ ಎಲ್ಲವೂ ನಿಲ್ಲುತ್ತದೆ.

ಎನ್‌ಆರ್‌ಇ ಠೇವಣಿಯ ಬಡ್ಡಿಗೆ ಭಾರತದಲ್ಲಿ ತೆರಿಗೆಯಿಲ್ಲ ಎಂಬ ಮಾತನ್ನು ಎಲ್ಲರೂ ಕೇಳಿರುತ್ತಾರೆ. ಜರ್ಮನಿಯಲ್ಲಿ ಅದಕ್ಕೆ ತೆರಿಗೆಯಿದೆ. ಇಲ್ಲಿನ ನಿವಾಸಿಯಾದ ಮೇಲೆ ಜಗತ್ತಿನ ಯಾವ ಮೂಲೆಯ ಬಡ್ಡಿಯನ್ನೂ ಘೋಷಿಸಬೇಕು. ಒಬ್ಬರಿಗೆ 1,000 ಯೂರೋ, ದಂಪತಿಗೆ 2,000 ಯೂರೋ ವಿನಾಯಿತಿ ಕಳೆದು ಉಳಿದದ್ದಕ್ಕೆ ಶೇ. 25 ತೆರಿಗೆ ಮತ್ತು ಅದರ ಮೇಲೊಂದು ಸಣ್ಣ ಹೆಚ್ಚುವರಿ ಬೀಳುತ್ತದೆ. ಎರಡು ದೇಶಗಳ ಬ್ಯಾಂಕುಗಳ ಮಾಹಿತಿ ಸರ್ಕಾರಗಳ ನಡುವೆ ತಾನಾಗಿಯೇ ವಿನಿಮಯವಾಗುತ್ತದೆ, ಆದ್ದರಿಂದ ಹೇಳದೆ ಬಿಡುವುದು ಅಪಾಯ. ಮ್ಯೂಚುವಲ್ ಫಂಡ್ ಇರುವವರು ಹೊರಡುವ ಮೊದಲೇ ಲೆಕ್ಕಪರಿಶೋಧಕರ ಜೊತೆ ಕೂತು ಯೋಚಿಸಬೇಕು. ಇಲ್ಲಿ ನಿವಾಸಿಯಾದ ಮೇಲೆ ಮಾರಿದರೆ ಕೊಂಡ ದಿನದಿಂದ ಬಂದ ಪೂರ್ತಿ ಲಾಭವನ್ನು ಜರ್ಮನಿ ಲೆಕ್ಕಕ್ಕೆ ಹಿಡಿಯುತ್ತದೆ. ಮಾರದೆ ಇಟ್ಟುಕೊಂಡರೂ ಒಂದು ಅಂದಾಜು ಲಾಭಕ್ಕೆ ವರ್ಷ ವರ್ಷ ತೆರಿಗೆ ಬೀಳಬಹುದು. ಭಾರತದಲ್ಲಿ ಷೇರು ಆಧಾರಿತ ಫಂಡುಗಳ ದೀರ್ಘಾವಧಿ ಲಾಭಕ್ಕೆ 2024ರ ಜುಲೈನಿಂದ ಇರುವ ದರ ಶೇ. 12.5. ಹೊರಡುವ ಮುನ್ನವೇ ಮಾರಿ ಲಾಭವನ್ನು ಅಲ್ಲಿಯೇ ತೀರಿಸಿಕೊಂಡು ಬರುವುದು ಹಲವರಿಗೆ ಅನುಕೂಲವಾಗುತ್ತದೆ.

ಮನೆಯನ್ನು ಬಾಡಿಗೆಗೆ ಕೊಟ್ಟು ಬರುವವರು ಬಾಡಿಗೆದಾರರಿಗೆ ಮೊದಲೇ ತಿಳಿಸಬೇಕು: ಮಾಲೀಕ ಅನಿವಾಸಿಯಾದರೆ ಬಾಡಿಗೆಯಲ್ಲಿ ಶೇ. 30ಕ್ಕೂ ತುಸು ಹೆಚ್ಚು ತೆರಿಗೆಯನ್ನು ಬಾಡಿಗೆದಾರರೇ ಹಿಡಿದು ಕಟ್ಟಬೇಕು. ನಂತರ ನೀವು ರಿಟರ್ನ್ ಸಲ್ಲಿಸಿ ಹೆಚ್ಚಾದದ್ದನ್ನು ವಾಪಸು ಪಡೆಯಬಹುದು. ತೋಟ ಗದ್ದೆಯ ವಿಷಯದಲ್ಲಿ ಗೊಂದಲ ಹೆಚ್ಚು. ಕರ್ನಾಟಕ 2020ರಲ್ಲಿ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಲು ಅವಕಾಶ ಕೊಟ್ಟಿತು, ಆದರೆ ಅನಿವಾಸಿಗಳು ಕೃಷಿ ಭೂಮಿ ಕೊಳ್ಳಬಾರದೆಂಬ ಕೇಂದ್ರದ ಫೆಮಾ ನಿಯಮ ಬೇರೆಯೇ ಇದೆ, ಅದು ಬದಲಾಗಿಲ್ಲ. ಹಿಂದಿನಿಂದ ಇರುವ ಜಮೀನನ್ನೂ ಪಿತ್ರಾರ್ಜಿತವಾಗಿ ಬಂದದ್ದನ್ನೂ ಇಟ್ಟುಕೊಳ್ಳಬಹುದು. ಪಹಣಿಯಲ್ಲಿ ಹೆಸರು, ಇ-ಖಾತಾ, ಕಂದಾಯದ ರಸೀದಿ ಇವನ್ನು ಹೊರಡುವ ಮೊದಲೇ ಸರಿಪಡಿಸಿ. ಅಣ್ಣತಮ್ಮಂದಿರಲ್ಲಿ ಒಬ್ಬರಿಗೆ ಅಧಿಕಾರಪತ್ರ ಕೊಡುವುದಿದ್ದರೆ ಯಾವ ಆಸ್ತಿ, ಯಾವ ಕೆಲಸ ಎಂಬುದನ್ನು ಸ್ಪಷ್ಟವಾಗಿ ಬರೆಸಿ, ಊರಿನಲ್ಲೇ ನೋಂದಾಯಿಸಿ. ಇಲ್ಲಿಂದ ಕಳುಹಿಸಬೇಕಾದರೆ ಬವೇರಿಯಾ ಮತ್ತು ಬಾಡೆನ್-ವುರ್ಟೆಂಬರ್ಗ್‌ನವರು ಮ್ಯೂನಿಕ್‌ನ ಭಾರತೀಯ ಕಾನ್ಸುಲೇಟಿಗೆ ಖುದ್ದಾಗಿ ಹೋಗಿ ಸಹಿ ಮಾಡಬೇಕು, ಪತ್ರ ಭಾರತ ತಲುಪಿದ 3 ತಿಂಗಳೊಳಗೆ ಅಲ್ಲಿ ಮುದ್ರಾಂಕ ಶುಲ್ಕ ಕಟ್ಟಿಸಬೇಕು.

ಒಡವೆ ತರುವವರು ವಿಮಾನ ನಿಲ್ದಾಣದ ಕಸ್ಟಮ್ಸ್‌ನಲ್ಲಿ ರಫ್ತು ಪ್ರಮಾಣಪತ್ರ ಮಾಡಿಸಿಕೊಂಡರೆ ಹಿಂತಿರುಗುವಾಗ ಸುಂಕದ ಪ್ರಶ್ನೆ ಏಳುವುದಿಲ್ಲ. ನಗದು 10,000 ಯೂರೋ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಇಲ್ಲಿ ಇಳಿದಾಗ ಘೋಷಿಸಬೇಕು.

ಬಂದ ಮೇಲಿನ ಮೊದಲ ತಿಂಗಳುಗಳ ಖರ್ಚನ್ನು ಎಲ್ಲರೂ ಕಡಿಮೆಯಾಗಿ ಅಂದಾಜಿಸುತ್ತಾರೆ. ಬಾಡಿಗೆ ಮನೆಗೆ ಮುಂಗಡವಾಗಿ ಮೂಲ ಬಾಡಿಗೆಯ 3 ಪಟ್ಟಿನವರೆಗೆ ಕೇಳಬಹುದು. ಅದನ್ನು 3 ಕಂತುಗಳಲ್ಲಿ ಕೊಡುವ ಹಕ್ಕು ಕಾನೂನಿನಲ್ಲಿದೆ. ಅನೇಕ ಮನೆಗಳಲ್ಲಿ ಅಡುಗೆಮನೆಯ ಕಪಾಟು, ಒಲೆ ಏನೂ ಇರುವುದಿಲ್ಲ, ಅದನ್ನೂ ನಾವೇ ಹಾಕಿಸಬೇಕು. ತಾತ್ಕಾಲಿಕ ಮನೆಗೆ ಒಪ್ಪುವ ಮೊದಲು ಮಾಲೀಕರು ವಾಸದ ದೃಢೀಕರಣ ಪತ್ರ ಕೊಡುತ್ತಾರೆಯೇ ಎಂದು ಕೇಳಿ. ಮನೆಗೆ ಬಂದ 2 ವಾರದೊಳಗೆ ಮಾಡಬೇಕಾದ ವಿಳಾಸ ನೋಂದಣಿ, ಅಂದರೆ ಆನ್‌ಮೆಲ್ಡುಂಗ್, ಆ ಪತ್ರವಿಲ್ಲದೆ ಆಗುವುದಿಲ್ಲ, ಅದಾಗದೆ ತೆರಿಗೆ ಸಂಖ್ಯೆ ಬರುವುದಿಲ್ಲ, ಸಂಖ್ಯೆಯಿಲ್ಲದಿದ್ದರೆ ಸಂಬಳದಲ್ಲಿ ಅತಿ ಹೆಚ್ಚಿನ ದರದ 6ನೇ ವರ್ಗದ ತೆರಿಗೆ ಹಿಡಿಯಬಹುದು. ನೋಂದಣಿಗೆ ಹೋಗುವಾಗ ಮದುವೆಯ ಪ್ರಮಾಣಪತ್ರ ಒಯ್ಯಿರಿ. ನೀವು ವಿವಾಹಿತರೆಂದು ಅಲ್ಲಿ ದಾಖಲಾಗದಿದ್ದರೆ ಸಂಬಳದಲ್ಲಿ ಒಂಟಿ ವ್ಯಕ್ತಿಯ ದರದಲ್ಲೇ ತೆರಿಗೆ ಹೋಗುತ್ತದೆ.

ಆರೋಗ್ಯ ವಿಮೆಯಲ್ಲಿ ಸಾರ್ವಜನಿಕ ವಿಮೆ ಮತ್ತು ಖಾಸಗಿ ವಿಮೆ ಎಂಬ ಎರಡು ದಾರಿಗಳಿವೆ. ವಾರ್ಷಿಕ ಸಂಬಳ ಒಂದು ಮಿತಿಯನ್ನು ದಾಟಿದವರಿಗೆ ಮಾತ್ರ ಆಯ್ಕೆಯಿದೆ, 2025ರಲ್ಲಿ ಆ ಮಿತಿ 73,800 ಯೂರೋ ಇತ್ತು. ಖಾಸಗಿ ವಿಮೆ ಯುವಕರಿಗೆ ಅಗ್ಗವಾಗಿ ಕಾಣುತ್ತದೆ, ಆದರೆ ಅದರಲ್ಲಿ ಮನೆಯ ಪ್ರತಿಯೊಬ್ಬರಿಗೂ ಬೇರೆ ಬೇರೆ ಕಂತು. ಸಾರ್ವಜನಿಕ ವಿಮೆಯಲ್ಲಿ ಆದಾಯವಿಲ್ಲದ ಹೆಂಡತಿ ಅಥವಾ ಗಂಡ ಮತ್ತು ಮಕ್ಕಳು ಹೆಚ್ಚಿನ ಕಂತಿಲ್ಲದೆ ಸೇರುತ್ತಾರೆ. 55 ವರ್ಷ ದಾಟಿದ ಮೇಲೆ ಖಾಸಗಿಯಿಂದ ಹಿಂದಕ್ಕೆ ಬರುವುದು ಬಹುತೇಕ ಅಸಾಧ್ಯ. ಮಕ್ಕಳಿರುವ ಮನೆಗೆ ಸಾರ್ವಜನಿಕ ವಿಮೆಯೇ ಸರಿ ಎಂಬುದು ನನ್ನ ದೃಢವಾದ ಅಭಿಪ್ರಾಯ. ಮಕ್ಕಳ ಭತ್ಯೆಯಾದ ಕಿಂಡರ್‌ಗೆಲ್ಡ್ 2025ರಲ್ಲಿ ಪ್ರತಿ ಮಗುವಿಗೆ ತಿಂಗಳಿಗೆ 255 ಯೂರೋ ಇತ್ತು. ಅರ್ಜಿ ತಡವಾದರೆ ಹಿಂದಿನ 6 ತಿಂಗಳದ್ದು ಮಾತ್ರ ಸಿಗುತ್ತದೆ. ಭಾರತದ ಚಾಲನಾ ಪರವಾನಗಿ ಇಲ್ಲಿ 6 ತಿಂಗಳು ನಡೆಯುತ್ತದೆ, ನಂತರ ಎರಡೂ ಪರೀಕ್ಷೆ ಕಟ್ಟಬೇಕು.

ಕಡೆಯದಾಗಿ, ಮರಳುವ ಯೋಚನೆಯಿರುವವರಿಗೆ ಪಿಂಚಣಿಯ ವಿಷಯ. ಭಾರತದ ಕಂಪನಿಯೇ ನಿಮ್ಮನ್ನು ಕೆಲವು ಕಾಲಕ್ಕೆ ಇಲ್ಲಿಗೆ ಕಳುಹಿಸಿದ್ದರೆ, 2017ರ ಮೇ 1ರಿಂದ ಜಾರಿಯಲ್ಲಿರುವ ಎರಡು ದೇಶಗಳ ಸಾಮಾಜಿಕ ಭದ್ರತಾ ಒಪ್ಪಂದದ ಪ್ರಕಾರ ಭವಿಷ್ಯನಿಧಿ ಸಂಸ್ಥೆಯಾದ ಇಪಿಎಫ್‌ಒದಿಂದ ಪ್ರಮಾಣಪತ್ರ ಪಡೆದು ಭಾರತದ ಭವಿಷ್ಯನಿಧಿಯಲ್ಲೇ ಮುಂದುವರಿಯಬಹುದು, ಆಗ ಇಲ್ಲಿನ ಪಿಂಚಣಿ ಕಂತು ಕಟ್ಟಬೇಕಾಗಿಲ್ಲ. ಇಲ್ಲಿನ ಕಂಪನಿಯ ನೌಕರರಾಗಿದ್ದರೆ ಸಂಬಳದ ಶೇ. 9.3 ನಿಮ್ಮಿಂದ, ಅಷ್ಟೇ ಮೊತ್ತ ಕಂಪನಿಯಿಂದ ಹೋಗುತ್ತದೆ. 60 ತಿಂಗಳು ತುಂಬುವ ಮೊದಲೇ ಊರಿಗೆ ಮರಳಿದವರು, ಯುರೋಪಿಯನ್ ಒಕ್ಕೂಟ ಬಿಟ್ಟು 24 ತಿಂಗಳಾದ ಮೇಲೆ ತಮ್ಮ ಪಾಲನ್ನು ವಾಪಸು ಕೇಳಬಹುದು, ಕಂಪನಿಯ ಪಾಲು ಬರುವುದಿಲ್ಲ. 60 ತಿಂಗಳು ತುಂಬಿದ್ದರೆ ಹಣ ಹಿಂದಕ್ಕೆ ಪಡೆಯಲಾಗದು, ನಿವೃತ್ತಿಯ ವಯಸ್ಸಿನಲ್ಲಿ ಪಿಂಚಣಿ ಭಾರತಕ್ಕೇ ಬರುತ್ತದೆ. ಐದು ವರ್ಷದ ಹತ್ತಿರ ಬಂದವರು ಈ ಎರಡರಲ್ಲಿ ಯಾವುದು ತಮಗೆ ಬೇಕೆಂದು ನಿರ್ಧರಿಸಿಯೇ ರಾಜೀನಾಮೆಯ ದಿನಾಂಕ ಬರೆಯಬೇಕು. ಯಾವ ದಾರಿ ಹಿಡಿದರೂ ಪಿಂಚಣಿ ವಿಮಾ ಸಂಖ್ಯೆಯ ಪತ್ರ ಮತ್ತು ಕಂಪನಿ ವರ್ಷ ವರ್ಷ ಕೊಡುವ ವಂತಿಗೆಯ ಚೀಟಿಗಳನ್ನು ಮೂಲ ಪ್ರತಿಯಾಗಿ ಜೊತೆಗೆ ಒಯ್ಯಿರಿ, ಮತ್ತು ಹೊರಡುವ ಮುನ್ನ ನಗರಸಭೆಯಲ್ಲಿ ವಿಳಾಸ ರದ್ದುಪಡಿಸಿದ ದೃಢೀಕರಣ ಪಡೆಯಿರಿ; ಜರ್ಮನಿಯಲ್ಲಿ ವಾಸ ಕೊನೆಗೊಂಡ ದಿನಾಂಕವನ್ನು ಮುಂದೆ ತೋರಿಸಲು ಆ ಕಾಗದ ಬೇಕಾಗುತ್ತದೆ.