ಹ್ಯಾಕಥಾನ್ ಫೈನಲ್‌ಗೆ ನಾವು ಮೊದಲು ಪಿಚ್ ಬರೆದ್ವಿ, ಆಮೇಲೆ ಕೋಡ್

ಇದು ನನ್ನ ಮೂರನೇ ಹ್ಯಾಕಥಾನ್, ಅಂದ್ರೆ ಕೊಟ್ಟ ಗಂಟೆಗಳೊಳಗೆ ಟೀಮಾಗಿ ಒಂದು ಆಪೋ ಸಾಫ್ಟ್‌ವೇರೋ ಮಾಡಿ ತೋರಿಸೋ ಸ್ಪರ್ಧೆ. ಮೊದಲೆರಡರಲ್ಲೂ ಕೊನೇ ಗಂಟೆವರೆಗೂ ಕೋಡ್ ಬರೀತಾ ಕೂತು, ಸ್ಟೇಜ್ ಹತ್ತೋಕೆ 20 ನಿಮಿಷ ಇದೆ ಅನ್ನೋವಾಗ ಸ್ಲೈಡ್ ಶುರು ಮಾಡಿದ್ವಿ, ಜಡ್ಜ್‌ಗಳಿಗೆ ನಾವು ಏನ್ ಮಾಡಿದೀವಿ ಅಂತಾನೇ ತಿಳೀಲಿಲ್ಲ. ಇಷ್ಟು ದುಡಿದೂ ಹೇಳೋಕೆ ಆಗ್ಲಿಲ್ವಲ್ಲ ಅನ್ನೋ ಸಂಕಟ ಬಹಳ ದಿನ ಇತ್ತು. ಅದಕ್ಕೇ ಈ ಸಲ ಉಲ್ಟಾ ಮಾಡಿದ್ವಿ, ಮೊದಲು ಪಿಚ್, ಅಂದ್ರೆ ಸ್ಟೇಜ್ ಮೇಲೆ ಜಡ್ಜ್‌ಗಳಿಗೆ ಹೇಳೋ ಮಾತು, ಆಮೇಲೆ ಕೋಡ್.

36 ಗಂಟೆ, ನಾವು 4 ಜನ, ಪಿಚ್‌ಗೆ 3 ನಿಮಿಷ, ಪ್ರಶ್ನೆಗೆ 2 ನಿಮಿಷ. ಮೊದಲ ಎರಡು ಗಂಟೆ ಯಾರೂ ಲ್ಯಾಪ್‌ಟಾಪ್ ತೆಗೀಲಿಲ್ಲ. ನಮ್ಮ ಐಡಿಯಾ ಇಷ್ಟೇ: ಮಾತ್ರೆ ಶೀಟ್ ಮೇಲಿರೋ ಎಕ್ಸ್‌ಪೈರಿ ಡೇಟ್ ವಯಸ್ಸಾದವರಿಗೆ ಕಾಣಲ್ಲ, ಫೋನಲ್ಲಿ ಫೋಟೋ ತೆಗೆದ್ರೆ ಆಪ್ ಓದಿ ಇಟ್ಕೊಂಡು, ಮುಗಿಯೋ ಮುಂಚೆ ನೆನಪಿಸಬೇಕು. ಸ್ಟೇಜ್ ಮೇಲೆ ಏನ್ ಹೇಳ್ತೀವೋ ಅದನ್ನ ಪೇಪರ್ ಮೇಲೆ ಪೂರ್ತಿ ಬರೆದ್ವಿ. ಬರೆದಾಗ್ಲೇ ಗೊತ್ತಾಗಿದ್ದು, ಲಾಗಿನ್ನು, ಮನೆಯವರ ಜೊತೆ ಶೇರ್ ಮಾಡೋದು, ಡ್ಯಾಶ್‌ಬೋರ್ಡು, ಇದ್ಯಾವುದೂ ಆ 3 ನಿಮಿಷದೊಳಗೆ ಬರೋದೇ ಇಲ್ಲ ಅಂತ. ಎಲ್ಲಾ ಹೊಡೆದುಹಾಕಿದ್ವಿ. ಉಳಿದಿದ್ದು ಫೋಟೋ, ತಾರೀಖು, ನೆನಪಿಸೋದು, ಈ ಮೂರೇ ಸ್ಕ್ರೀನ್.

ನಿಜವಾದ ಕಷ್ಟ ಬಂದಿದ್ದು ಹತ್ತನೇ ಗಂಟೆ ಹೊತ್ತಿಗೆ. ಅಕ್ಷರ ಓದೋಕೆ ಟೆಸೆರ‍್ಯಾಕ್ಟ್ ಹಾಕಿದ್ವಿ, ಅದು ಫೋಟೋದಲ್ಲಿರೋ ಅಕ್ಷರ ಗುರುತಿಸೋ ಓಪನ್ ಸೋರ್ಸ್ (ಯಾರು ಬೇಕಾದ್ರೂ ಬಳಸಬಹುದಾದ) ಸಾಫ್ಟ್‌ವೇರ್, ಬಿಳಿ ಡಬ್ಬಿ ಮೇಲೆ ಕಪ್ಪಲ್ಲಿ ಪ್ರಿಂಟ್ ಆಗಿರೋದನ್ನ ಚೆನ್ನಾಗೇ ಓದ್ತು. ಆದ್ರೆ ಮಾತ್ರೆ ಶೀಟ್ ಮೇಲೆ ಎಷ್ಟೋ ಸಲ ಇಂಕೇ ಇರಲ್ಲ, ಫಾಯಿಲ್ ಮೇಲೆ ಬರೀ ಅಚ್ಚು ಒತ್ತಿರ್ತಾರೆ, ಬೆಳಕು ಬಿದ್ರೆ ಫಳಫಳ ಹೊಳೆಯುತ್ತೆ, 8 ಇರೋದನ್ನ 3 ಅಂತ ಓದ್ತಿತ್ತು. ಫೋಟೋನ ಗ್ರೇಸ್ಕೇಲ್ (ಕಪ್ಪು-ಬಿಳುಪು) ಮಾಡಿದ್ವಿ, ಥ್ರೆಶೋಲ್ಡ್ (ಎಷ್ಟು ಗಾಢ ಇದ್ರೆ ಅಕ್ಷರ ಅಂತ ಎಣಿಸೋ ಮಿತಿ) ಬದಲಾಯಿಸಿದ್ವಿ, ಪಕ್ಕದಿಂದ ಟಾರ್ಚ್ ಹಿಡಿದು ಫೋಟೋ ತೆಗೆದ್ವಿ, ನಾಲ್ಕು ಗಂಟೆ ಅದರಲ್ಲೇ ಹೋಯ್ತು. ಆಗ ನಮ್ಮ ಟೀಮಲ್ಲಿದ್ದ ಗೆಳತಿ ಒಂದು ಮಾತು ಹೇಳಿದ್ಲು, "ಲೋ, ವರ್ಷದಲ್ಲಿ ಒಂದು ಅಂಕಿ ತಪ್ಪು ಓದಿದ್ರೆ ಅವ್ರು ಅವಧಿ ಮುಗಿದ ಮಾತ್ರೆ ನುಂಗ್ತಾರೆ ಕಣೋ, ಗೊತ್ತಾಗ್ಲಿಲ್ಲ ಅಂದ್ರೆ ಗೊತ್ತಾಗ್ಲಿಲ್ಲ ಅಂತ ಆಪೇ ಹೇಳಲಿ." ಅಲ್ಲಿಂದ ಪ್ರಾಜೆಕ್ಟೇ ಬದಲಾಯ್ತು. ತಿಂಗಳು, ವರ್ಷ ಸರಿಯಾದ ರೂಪದಲ್ಲಿ ಸಿಗಲಿಲ್ಲ ಅಂದ್ರೆ ಆಪ್ ಊಹೆ ಮಾಡಲ್ಲ, ಜಾಗ ಖಾಲಿ ಬಿಟ್ಟು ಆ ಭಾಗದ ಫೋಟೋನ ದೊಡ್ಡದಾಗಿ ತೋರಿಸುತ್ತೆ, ನೋಡಿ ನಾವೇ ತುಂಬಬೇಕು. ಸಿಕ್ಕಿದ್ರೂ "ಇದು ಸರೀನಾ" ಅಂತ ಕೇಳದೆ ಸೇವ್ ಮಾಡಲ್ಲ. ಪಿಚ್‌ನ ನಡುಭಾಗ ಮತ್ತೆ ಬರೆದ್ವಿ, ಇದನ್ನೇ ಮುಖ್ಯ ಮಾತಾಗಿ ಇಟ್ವಿ.

28ನೇ ಗಂಟೆಗೆ ಫ್ರೀಜ್, ಅಂದ್ರೆ ಕೋಡಿಗೆ ಹೊಸದೇನೂ ಸೇರಿಸೋ ಹಾಗಿಲ್ಲ. ಗಿಟ್‌ನಲ್ಲಿ (ಕೋಡಿನ ಬದಲಾವಣೆ ದಾಖಲಿಸೋ ಟೂಲ್) ಆ ಹಂತಕ್ಕೆ ಗುರುತಾಗಿ ಒಂದು ಟ್ಯಾಗ್ ಹಾಕಿ, ಇನ್ಮೇಲೆ ಡೆಮೋದಲ್ಲಿ ಕಾಣೋ ಬಗ್ ಮಾತ್ರ ಮುಟ್ಟೋದು ಅಂತ ಮಾತಾಯ್ತು. ಅಂಥದ್ದೊಂದು ಸಿಕ್ಕಿತು ಕೂಡ, ಶೀಟ್ ಮೇಲೆ ಬರೀ ತಿಂಗಳು ವರ್ಷ ಇದ್ರೆ ಆ ತಿಂಗಳ ಕೊನೇ ದಿನದವರೆಗೂ ಅವಧಿ ಇರುತ್ತೆ, ನಮ್ಮ ಕೋಡು ಒಂದನೇ ತಾರೀಖಿಗೇ ಮುಗಿಸ್ತಿತ್ತು.

ಮೊದಲ ರಿಹರ್ಸಲ್ 4 ನಿಮಿಷ 50 ಸೆಕೆಂಡ್ ಆಯ್ತು. ಟೀಮ್ ಪರಿಚಯ ಕತ್ತರಿಸಿದ್ವಿ, ಯಾವ ಫ್ರೇಮ್‌ವರ್ಕ್ ಬಳಸಿದ್ವಿ ಅನ್ನೋದನ್ನೂ ಕತ್ತರಿಸಿದ್ವಿ, ಬೇಕಿದ್ರೆ ಜಡ್ಜ್‌ಗಳೇ ಕೇಳ್ತಾರೆ. ಒಬ್ರು ಮಾತಾಡೋದು, ಒಬ್ರು ಫೋನ್ ಹಿಡಿಯೋದು, ಮಧ್ಯದಲ್ಲಿ ಮೈಕ್ ಬದಲಾಯಿಸೋದು ಬೇಡ. ಟೈಮರ್ ಇಟ್ಟು ಏಳು ಸಲ ಜೋರಾಗಿ ಹೇಳಿದ್ವಿ, ಮನಸ್ಸಲ್ಲಿ ಓದ್ಕೊಂಡ್ರೆ ಯಾವತ್ತೂ ಕಮ್ಮಿ ಟೈಮ್ ಹಿಡಿದ ಹಾಗೆ ಅನ್ಸುತ್ತೆ. ನೆಟ್ ಕೈಕೊಟ್ರೆ ಅಂತ ಎಲ್ಲಾ ಫೋನಲ್ಲೇ ಓಡೋ ಹಾಗೆ ಮಾಡಿ, ಅದೂ ನಿಂತ್ರೆ ಅಂತ 40 ಸೆಕೆಂಡಿನ ಸ್ಕ್ರೀನ್ ರೆಕಾರ್ಡಿಂಗ್ ಇಟ್ಕೊಂಡ್ವಿ. ಮುಂಚೆನೇ ಹೋಗಿ ಪ್ರೊಜೆಕ್ಟರ್‌ಗೆ ಹಾಕಿ ನೋಡಿದ್ದು ಒಳ್ಳೇದಾಯ್ತು, ಲ್ಯಾಪ್‌ಟಾಪಲ್ಲಿ ಚೆಂದ ಕಾಣ್ತಿದ್ದ ತಿಳಿ ಬೂದು ಅಕ್ಷರ ಅಲ್ಲಿ ಮಾಯ ಆಗಿತ್ತು, ಎಲ್ಲಾ ಕಪ್ಪು ಮಾಡಿದ್ವಿ.

ಸ್ಟೇಜ್ ಮೇಲೆ ಏನಾಯ್ತು ಅಂದ್ರೆ, ಲೈಟು ಫಾಯಿಲ್ ಮೇಲೆ ಹೊಳೆದು ಆಪ್‌ಗೆ ತಾರೀಖು ಸಿಗಲೇ ಇಲ್ಲ. ಎದೆ ಧಸಕ್ ಅಂತು. ಆದ್ರೆ ಜಾಗ ಖಾಲಿ ಬಿಟ್ಟು ಫೋಟೋ ದೊಡ್ಡದಾಗಿ ಬಂತು, ಗೆಳತಿ ನಿಧಾನಕ್ಕೆ ತಿಂಗಳು ವರ್ಷ ತುಂಬಿದ್ಲು, ನಾನು ಬರೆದಿಟ್ಟ ಮಾತನ್ನೇ ಹೇಳಿದೆ, "ಗೊತ್ತಾಗದಿದ್ರೆ ಇದು ಊಹೆ ಮಾಡಲ್ಲ." ಪ್ರಶ್ನೆಗೆ ಕೊಟ್ಟಿದ್ದ ಆ 2 ನಿಮಿಷವೂ ಜಡ್ಜ್‌ಗಳು ಇದರ ಬಗ್ಗೆಯೇ ಕೇಳಿದ್ರು. ಎರಡನೇ ಬಹುಮಾನ ಬಂತು. ಈಗ ಆ ಹೊಳಪಿನ ಸಮಸ್ಯೆ ಮೇಲೇ ಕೂತಿದೀವಿ, ಫೋನನ್ನ ಸ್ವಲ್ಪ ಓರೆ ಮಾಡಿ ಎರಡು ಮೂರು ಫೋಟೋ ತೆಗೆದು ಹೋಲಿಸಿ ನೋಡ್ತಿದೀವಿ.